ಹೋಳಿಗೆ ತಿಂದ ರಾತ್ರಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.)

ಅವರನ್ನು ಸುಮಾ ಅನ್ನೋಣ. 36 ವರ್ಷ, ಇಬ್ಬರು ಮಕ್ಕಳು, ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಬಂದು ಕೂತವರೇ, "ಮನೇಲಿ ಕಳ್ಳಿ ಅನ್ನಿಸ್ಕೊಂಡೆ ಮೇಡಂ" ಎಂದು ಅತ್ತರು.

ತೂಕ ಇಳಿಸಲೇಬೇಕೆಂದು ಅನ್ನ, ಮುದ್ದೆ ಎರಡನ್ನೂ ಬಿಟ್ಟಿದ್ದರು. ಬೆಳಿಗ್ಗೆ ಬಿಸಿನೀರು, ನಿಂಬೆಹಣ್ಣು. ಮಧ್ಯಾಹ್ನ ಒಂದು ಚಪಾತಿ, ಸೌತೆಕಾಯಿ. ರಾತ್ರಿ ಉಪವಾಸ. ಹೊಟ್ಟೆಗೆ ಬೆವರಿಳಿಸುವ ಬೆಲ್ಟ್ ಬೇರೆ. ಮೊದಲ ಹತ್ತು ದಿನಕ್ಕೆ 3 ಕೆಜಿ ಇಳಿಯಿತು. ಆಮೇಲೆ ಮೂರು ವಾರ ಮುಳ್ಳು ಅಲ್ಲಾಡಲಿಲ್ಲ. ಹಬ್ಬದ ರಾತ್ರಿ ಎಲ್ಲರೂ ಮಲಗಿದ ಮೇಲೆ ನಾಲ್ಕು ಹೋಳಿಗೆ ತಿಂದರು. ಅತ್ತೆ ನೋಡಿಬಿಟ್ಟರು. "ಹೀಗೆ ಕದ್ದು ತಿಂದ್ರೆ ಇನ್ನೆಲ್ಲಿ ಇಳಿಯುತ್ತೆ?" ಎಂದರಂತೆ. ಬೆಳಿಗ್ಗೆ ನೋಡಿದರೆ ತೂಕ ಒಂದೂವರೆ ಕೆಜಿ ಏರಿತ್ತು. ಆಮೇಲೆ ಬರೀ ನೀರು ಕುಡಿದು ಕಳೆದ ದಿನಗಳೂ ಇವೆ. ತಲೆ ಸುತ್ತುತ್ತದೆ, ಮಕ್ಕಳ ಮೇಲೆ ರೇಗುತ್ತಾರೆ, ದಿನಕ್ಕೆ ಮೂರು ಸಲ ತೂಕ ನೋಡುತ್ತಾರೆ.

ಇಂಥವರಿಗೆ "ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂತ ನಾನು ಹೇಳುವುದಿಲ್ಲ. ಅವರ ಮನಸ್ಸು ಗಟ್ಟಿಯಾಗಿಯೇ ಇತ್ತು. ದೇಹದೊಳಗೆ ಏನು ನಡೆಯುತ್ತಿದೆ ಅಂತ ಯಾರೂ ಹೇಳಿರಲಿಲ್ಲ, ಅಷ್ಟೆ. ಲೆಕ್ಕ ಬಲ್ಲವರಲ್ವಾ, ಲೆಕ್ಕದಿಂದಲೇ ಶುರು ಮಾಡಿದೆವು.

ನಾವು ತಿಂದ ಅನ್ನ, ಮುದ್ದೆಯ ಸಕ್ಕರೆಯಲ್ಲಿ ಸ್ವಲ್ಪ ಭಾಗ ಗ್ಲೈಕೋಜನ್ ಆಗಿ ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಉಳಿಯುತ್ತದೆ. ಎಲ್ಲ ಸೇರಿ ಸುಮಾರು ಅರ್ಧ ಕೆಜಿ. ಪ್ರತಿ ಗ್ರಾಂ ತನ್ನ ಜೊತೆ ಸುಮಾರು 3 ಗ್ರಾಂ ನೀರು ಹಿಡಿದಿಟ್ಟುಕೊಳ್ಳುತ್ತದೆ. ಊಟ ಬಿಟ್ಟಾಗ ಮೊದಲು ಖಾಲಿಯಾಗುವುದು ಇದೇ. ಅಂದರೆ ಸುಮಾ ಅವರ ಮೊದಲ 3 ಕೆಜಿಯಲ್ಲಿ ಹೆಚ್ಚಿನದು ನೀರು. ಹೋಳಿಗೆ ತಿಂದ ಮೇಲೆ ಬಂದದ್ದೂ ಬಹುಪಾಲು ಅದೇ ನೀರು. ಒಂದು ಕೆಜಿ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ನಾಲ್ಕು ಹೋಳಿಗೆಗೆ ಹೆಚ್ಚೆಂದರೆ ಸಾವಿರದ ಚಿಲ್ಲರೆ. "ಹಾಗಾದ್ರೆ ಒಂದೂವರೆ ಕೆಜಿ ಕೊಬ್ಬು ಬರೋಕೆ ಸಾಧ್ಯವೇ ಇಲ್ಲ!" ಎಂದು ಅವರೇ ಲೆಕ್ಕ ಮುಗಿಸಿದರು.

ಮತ್ತೆ ಕೊಬ್ಬು ಕರಗುವುದು ಯಾವಾಗ? ಊಟವಾದ ಕೂಡಲೇ ಇನ್ಸುಲಿನ್ ಏರುತ್ತದೆ, ಆಗ ಕೊಬ್ಬಿನ ಕೋಶಗಳು ತುಂಬಿಕೊಳ್ಳುತ್ತವೆ. ಊಟಗಳ ನಡುವೆ, ನಿದ್ದೆಯಲ್ಲಿ ಇನ್ಸುಲಿನ್ ಇಳಿದಾಗ ಅದೇ ಕೋಶಗಳು ಕೊಬ್ಬನ್ನು ರಕ್ತಕ್ಕೆ ಬಿಡುತ್ತವೆ. ಸ್ನಾಯು, ಹೃದಯ ಅದನ್ನು ಆಮ್ಲಜನಕದ ಜೊತೆ ಉರಿಸುತ್ತವೆ. ಉರಿದ ಕೊಬ್ಬು ಎಲ್ಲಿ ಹೋಗುತ್ತದೆ ಗೊತ್ತಾ? 2014ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಇದರ ಲೆಕ್ಕ ಹಾಕಿ ತೋರಿಸಿದರು. 10 ಕೆಜಿ ಕೊಬ್ಬು ಉರಿದರೆ 8.4 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಹೋಗುತ್ತದೆ, ಉಳಿದ 1.6 ಕೆಜಿ ನೀರಾಗುತ್ತದೆ. ಬೆಲ್ಟ್ ಕಟ್ಟಿ ಬೆವರಿಳಿಸಿದರೆ ಹೋಗುವುದು ಮೈಯ ನೀರು, ಕೊಬ್ಬಲ್ಲ. ಕಟ್ಟಿದ ಜಾಗದ ಕೊಬ್ಬೇ ಕರಗಲಿ ಎಂದರೆ ದೇಹ ಕೇಳುವುದಿಲ್ಲ. ಬೆಲ್ಟ್ ಬಿಚ್ಚಿಡಲು ಹೇಳಿದೆ.

ಅವರಿಗೆ ಸಮಾಧಾನ ಕೊಟ್ಟ ಮಾತು ಇನ್ನೊಂದು. ತೂಕ ಇಳಿದಾಗ ಕೊಬ್ಬಿನ ಕೋಶಗಳು ಮಾಯವಾಗುವುದಿಲ್ಲ, ಖಾಲಿ ಚೀಲದ ಹಾಗೆ ಕುಗ್ಗುತ್ತವೆ. ಅವುಗಳಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನ್ ಕಡಿಮೆಯಾಗುತ್ತದೆ. ಮಿದುಳು ಅದನ್ನು ಬರಗಾಲ ಅಂತ ತಿಳಿಯುತ್ತದೆ. ಹಸಿವು ಹೆಚ್ಚಿಸುತ್ತದೆ, ಖರ್ಚು ಕಡಿಮೆ ಮಾಡುತ್ತದೆ. ಊಟ ಎಷ್ಟು ಕಡಿತವಾದರೆ ಈ ಒತ್ತಡ ಅಷ್ಟು ಜಾಸ್ತಿ. ಆ ರಾತ್ರಿ ಅವರನ್ನು ಅಡುಗೆಮನೆಗೆ ಕರೆದೊಯ್ದದ್ದು ಈ ಹಸಿವು. ಅದರಲ್ಲಿ ಕಳ್ಳತನ ಏನೂ ಇಲ್ಲ.

ನಾನು ಕೊಟ್ಟ ಸಲಹೆ: ಮೊದಲು ವೈದ್ಯರನ್ನು ಕಂಡು ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿ. ಮೂರು ಹೊತ್ತೂ ಊಟ ಮಾಡಿ. ಮುದ್ದೆ ಚಿಕ್ಕದಿರಲಿ, ಜೊತೆಗೆ ಸೊಪ್ಪಿನ ಸಾರು, ಮೊಳಕೆಕಾಳು, ಮೊಟ್ಟೆ ಅಥವಾ ಮೊಸರು. ಪ್ರೋಟೀನ್ ಇಲ್ಲದೆ ತೂಕ ಇಳಿದರೆ ಸ್ನಾಯುವೂ ಕರಗಿಹೋಗುತ್ತದೆ. ಸ್ನಾಯು ಉಳಿಯಲೆಂದೇ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ವ್ಯಾಯಾಮ ಹೇಳಿದೆ, ಜೊತೆಗೆ ಬಿರುಸು ನಡಿಗೆ. ತೂಕ ವಾರಕ್ಕೊಮ್ಮೆ ನೋಡಿದರೆ ಸಾಕು. ತಿಂಗಳಿಗೊಮ್ಮೆ ಟೇಪಿನಲ್ಲಿ ಸೊಂಟ ಅಳೆಯಿರಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ ಎನ್ನುತ್ತಾರೆ ವೈದ್ಯರು, ಯಾಕೆಂದರೆ ಹೊಟ್ಟೆಯೊಳಗಿನ ಕೊಬ್ಬು ಸಕ್ಕರೆ ಕಾಯಿಲೆಗೆ, ಹೃದಯದ ತೊಂದರೆಗೆ ದಾರಿ ಮಾಡುತ್ತದೆ. ದಿನಕ್ಕೆ 500 ಕ್ಯಾಲೊರಿಯಷ್ಟು ಕಡಿಮೆಯಾದರೆ ವಾರಕ್ಕೆ ಅರ್ಧ ಕೆಜಿ ಹತ್ತಿರ. ಅಷ್ಟು ನಿಧಾನ ಒಳ್ಳೆಯದು.

ಮುಂದಿನ ಸಲ ಅತ್ತೆಯವರನ್ನೂ ಕರೆತರಲು ಹೇಳಿದೆ. ಇದು ಎಲ್ಲಕ್ಕಿಂತ ಮುಖ್ಯ ಅನ್ನಿಸಿತ್ತು ನನಗೆ. ಮನೆಯವರ ಒಂದು ಮಾತು ಎಷ್ಟು ದಿನದ ಶ್ರಮವನ್ನೂ ಕೆಡಿಸಬಲ್ಲದು. ಆ ಹಿರಿಯರು ಎಲ್ಲ ಕೇಳಿಸಿಕೊಂಡು, "ಅಷ್ಟು ಹಸಿವಾಗ್ತಿತ್ತು ಅಂತ ನಂಗೆ ಹೇಳ್ಬಾರ್ದಾ ಮಗಳೇ?" ಎಂದರು. ಈಗ ರಾತ್ರಿ ಊಟ ಇಬ್ಬರೂ ಒಟ್ಟಿಗೆ, ಎಂಟಕ್ಕೆ ಮುಂಚೆ. ಸುಮಾ ಅವರ ರಕ್ತಹೀನತೆಗೆ ಚಿಕಿತ್ಸೆ ನಡೆಯುತ್ತಿದೆ. ಸೊಂಟದ ಅಳತೆ ಇಳಿಯಲು ಶುರುವಾಗಿದೆ. ತೂಕ ನೋಡುವಾಗಿನ ಎದೆಬಡಿತ ಇನ್ನೂ ಪೂರ್ತಿ ಹೋಗಿಲ್ಲ. ಅದರ ಬಗ್ಗೆ ನಮ್ಮ ಮಾತುಕತೆ ಮುಂದುವರಿದಿದೆ.