ಮಕ್ಕಳು ಕೆಲಸಕ್ಕೆ, ಪರದೇಶದ ಮಕ್ಕಳು ಮನೆಗೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹೈಸ್ಕೂಲು ಮಕ್ಕಳನ್ನು ಶಾಲೆಯೇ ಕೆಲವು ದಿನ ಕೆಲಸದ ಜಾಗಕ್ಕೆ ಕಳಿಸುವ ‘ವರ್ಕ್ ಎಕ್ಸ್‌ಪೀರಿಯನ್ಸ್’ ಬಗ್ಗೆ ಆಸ್ಟ್ರೇಲಿಯಾದ ಕನ್ನಡಿಗರಿಂದ ಪತ್ರಗಳು ಬಂದಿವೆ. ವಿನಿಮಯ ವಿದ್ಯಾರ್ಥಿಗಳನ್ನು ಮನೆಯಲ್ಲಿ ಇರಿಸಿಕೊಳ್ಳುವ ಬಗ್ಗೆ ಅಲ್ಲಿಂದಲೂ ಬಂದಿವೆ, ಇಲ್ಲಿಂದಲೂ ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಗಳು ಇಲ್ಲಿ ಇಯರ್ 10 ಓದುತ್ತಿದ್ದಾಳೆ. ಜೂನ್‌ನಲ್ಲಿ ಒಂದು ವಾರ ವರ್ಕ್ ಎಕ್ಸ್‌ಪೀರಿಯನ್ಸ್‌ಗೆ ಹೋಗಬೇಕಂತೆ, ಜಾಗ ನೀವೇ ಹುಡುಕಿಕೊಳ್ಳಿ ಎಂದಿದ್ದಾರೆ. ಅವಳಿಗೆ ಡಾಕ್ಟರಾಗುವ ಆಸೆ. ಆಸ್ಪತ್ರೆಯಲ್ಲಿ ಸಿಗುತ್ತದೆಯೇ? ಯಾವ ಯಾವ ಕಾಗದ ಬೇಕು?
– ಒಬ್ಬ ತಾಯಿ, ಮೆಲ್ಬರ್ನ್

ಉತ್ತರ: ಜೂನ್ ವಾರಕ್ಕೆ ಏಪ್ರಿಲ್‌ನಲ್ಲಿ ಹುಡುಕಲು ಹೊರಟರೆ ತಡವಾಯಿತೆಂದೇ ಅರ್ಥ. ಮೆಲ್ಬರ್ನಿನ ಅನೇಕ ಶಾಲೆಗಳು ಇಯರ್ 10 ಮಕ್ಕಳನ್ನು ಎರಡನೇ ಟರ್ಮ್‌ನ ಕೊನೆಗೇ ಕಳಿಸುತ್ತವೆ. ಹಾಗಾಗಿ ಅದೇ ಬಡಾವಣೆಯ ಅದೇ ಫಾರ್ಮಸಿಗೆ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ. ಫೆಬ್ರುವರಿಯಲ್ಲಿ ಶುರು ಮಾಡಿ.

ಆಸ್ಪತ್ರೆಯ ಆಸೆ ಇಟ್ಟುಕೊಳ್ಳಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ದೊಡ್ಡ ಆಸ್ಪತ್ರೆಗಳಿಗೆ ತಮ್ಮದೇ ಅರ್ಜಿ, ತಮ್ಮದೇ ಕೊನೆಯ ದಿನಾಂಕ ಇರುತ್ತವೆ. ಜಾಗ ಬೆರಳೆಣಿಕೆಯಷ್ಟು. ಕೆಲವೆಡೆ ವಯಸ್ಸಿನ ಮಿತಿ ಇರುತ್ತದೆ, ಲಸಿಕೆಯ ದಾಖಲೆ ಕೇಳುತ್ತಾರೆ. ಮನೆಯ ಹತ್ತಿರದ ಜಿ.ಪಿ. (ಸಾಮಾನ್ಯ ವೈದ್ಯರ) ಕ್ಲಿನಿಕ್‌ನವರು ರೋಗಿಗಳ ಖಾಸಗಿತನದ ಕಾರಣಕ್ಕೆ ಬೇಡವೆನ್ನುವುದೇ ಹೆಚ್ಚು. ಫಿಸಿಯೋಥೆರಪಿ, ಫಾರ್ಮಸಿ, ಕಣ್ಣಿನ ಪರೀಕ್ಷೆಯ ಅಂಗಡಿ, ವೃದ್ಧರ ಆರೈಕೆ ಕೇಂದ್ರ, ಪಶುವೈದ್ಯರು, ಇಷ್ಟೂ ಕಡೆ ಕೇಳಿ. ವೈದ್ಯಳಾಗುವ ಹುಡುಗಿಗೆ ಐದು ದಿನ ವೃದ್ಧರ ಜೊತೆ ಕಳೆಯುವುದು ಆಪರೇಷನ್ ಥಿಯೇಟರಿನ ಬಾಗಿಲಾಚೆ ನಿಲ್ಲುವುದಕ್ಕಿಂತ ಹೆಚ್ಚು ಕಲಿಸುತ್ತದೆ.

ಫೋನು ಅವಳೇ ಮಾಡಲಿ. ಅಪ್ಪ ಅಮ್ಮ ಮಾಡಿದ ಕರೆಗೆ ‘ನೋಡೋಣ’ ಎಂಬ ಉತ್ತರ ಬರುತ್ತದೆ, ಮಗು ತಾನೇ ಮಾಡಿದರೆ ಮ್ಯಾನೇಜರ್ ಮಾತಿಗೆ ಸಿಗುತ್ತಾರೆ. ಇಮೇಲ್‌ನಲ್ಲಿ ನಾಲ್ಕು ವಿಷಯ ಸಾಕು: ಶಾಲೆ ಮತ್ತು ತರಗತಿ, ಬೇಕಾದ ದಿನಾಂಕಗಳು, ಈ ಕ್ಷೇತ್ರವೇ ಏಕೆ ಎಂಬ ಎರಡು ಸಾಲು, ಶಾಲೆಯ ಕೆರಿಯರ್ಸ್ ಶಿಕ್ಷಕರ ಫೋನ್ ಸಂಖ್ಯೆ. ವಾರದೊಳಗೆ ಉತ್ತರ ಬಾರದಿದ್ದರೆ ಮತ್ತೆ ಇಮೇಲ್ ಬೇಡ, ಫೋನು ಮಾಡಲಿ.

ಇನ್ನು ಕಾಗದ. ವಿಕ್ಟೋರಿಯಾ ರಾಜ್ಯದಲ್ಲಿ ವಿದ್ಯಾರ್ಥಿಗೆ 14 ತುಂಬಿರಬೇಕು. ‘ವರ್ಕ್ ಎಕ್ಸ್‌ಪೀರಿಯನ್ಸ್ ಅರೇಂಜ್‌ಮೆಂಟ್ ಫಾರ್ಮ್’ ಎಂಬ ಒಂದೇ ನಮೂನೆಗೆ ಕೆಲಸ ಕೊಡುವವರು, ವಿದ್ಯಾರ್ಥಿ, ಪೋಷಕರು ಮತ್ತು ಪ್ರಿನ್ಸಿಪಾಲ್ ಎಲ್ಲರೂ ಸಹಿ ಹಾಕಬೇಕು. ಅದಕ್ಕೂ ಮೊದಲು ವಿದ್ಯಾರ್ಥಿ ‘ಸೇಫ್ ಅಟ್ ವರ್ಕ್’ ಆನ್‌ಲೈನ್ ತರಬೇತಿಯ ಸಾಮಾನ್ಯ ಭಾಗವನ್ನೂ ಆಯಾ ಉದ್ಯಮದ ಒಂದು ಭಾಗವನ್ನೂ ಮುಗಿಸಿ ಪ್ರಮಾಣಪತ್ರವನ್ನು ಶಾಲೆಗೆ ಒಪ್ಪಿಸಬೇಕು. ಒಂದು ಟರ್ಮ್‌ಗೆ ಹೆಚ್ಚೆಂದರೆ 10 ದಿನ, ವರ್ಷಕ್ಕೆ 40 ದಿನ. ಕೆಲಸ ಕೊಡುವವರು ವಿದ್ಯಾರ್ಥಿಗೆ ದಿನಕ್ಕೆ ಕನಿಷ್ಠ 5 ಡಾಲರ್ ಕೊಡಬೇಕು.

ಎಡವಟ್ಟಾಗುವುದು ಬಹುತೇಕ ಈ ಫಾರ್ಮಿನಲ್ಲೇ. ಪ್ರಿನ್ಸಿಪಾಲ್ ಸಹಿ ಮೊದಲ ದಿನಕ್ಕೆ ಮುಂಚೆ ಆಗಿರಲೇಬೇಕು. ಸೋಮವಾರ ಕೆಲಸಕ್ಕೆ ಹೋಗಿ ಮಂಗಳವಾರ ಸಹಿ ಮಾಡಿಸಿದರೆ ಸೋಮವಾರದ ಗಾಯಕ್ಕೆ ವರ್ಕ್‌ಕವರ್ ವಿಮೆಯ ಆಸರೆ ಇರುವುದಿಲ್ಲ. ಎರಡನೆಯದು ವಿಳಾಸ. ಕಂಪನಿಯ ಮುಖ್ಯ ಕಚೇರಿಯ ವಿಳಾಸ ಬರೆದು, ಮಗುವನ್ನು ನಲವತ್ತು ಕಿಲೋಮೀಟರ್ ಆಚೆಯ ಸೈಟಿಗೆ ಕರೆದೊಯ್ಯುವವರಿದ್ದಾರೆ. ಹೋಗುವ ಜಾಗಗಳನ್ನೆಲ್ಲ ಬರೆಯಿಸಿ. ಮೂರನೆಯದು ಕೆಲಸದ ವಿವರ. ‘ಜನರಲ್ ಡ್ಯೂಟೀಸ್’ ಎಂದಷ್ಟೇ ಬರೆದರೆ ಐದೂ ದಿನ ರಟ್ಟಿನ ಡಬ್ಬ ಮಡಿಸುವುದೇ ಆಗಬಹುದು. ‘ಎರಡು ದಿನ ಔಷಧ ಜೋಡಿಸುವುದು, ಒಂದು ದಿನ ಫಾರ್ಮಸಿಸ್ಟ್ ಪಕ್ಕದಲ್ಲಿ ಕೂತು ನೋಡುವುದು’ ಎಂಬಷ್ಟು ಸ್ಪಷ್ಟವಾಗಿರಲಿ. ಮೇಲ್ವಿಚಾರಕರ ಹೆಸರೂ ಇರಲಿ. ಅವರು ರಜೆ ಹಾಕಿದ ದಿನ ಯಾರು ನೋಡಿಕೊಳ್ಳುತ್ತಾರೆ ಎಂದು ಮೊದಲೇ ಕೇಳಿಡಿ. ಮಗ ಅಥವಾ ಮಗಳು ಕಟ್ಟಡ ನಿರ್ಮಾಣದ ಕಡೆ ಹೋಗುವುದಾದರೆ ಸುರಕ್ಷತಾ ತರಬೇತಿ ಪಡೆದವರಿಗೆ ಕೊಡುವ ‘ವೈಟ್ ಕಾರ್ಡ್’ ಬೇಕು, ಅದರ ತರಬೇತಿಗೆ ಬೇರೆಯೇ ದಿನ ಎತ್ತಿಡಿ.

ಪ್ರಶ್ನೆ: ಮೆಲ್ಬರ್ನಿನ ನಮ್ಮಕ್ಕನ ಮಗನಿಗೆ ದಿನಕ್ಕೆ 5 ಡಾಲರ್ ಕೊಟ್ಟರು, ನನ್ನ ಮಗನಿಗೆ ಒಂದು ಸೆಂಟೂ ಇಲ್ಲ. ಶೋಷಣೆ ಅಲ್ಲವೇ?
– ಓದುಗರು, ಸಿಡ್ನಿ

ಉತ್ತರ: ಅಲ್ಲ. ರಾಜ್ಯ ಬೇರೆ, ನಿಯಮ ಬೇರೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಶಾಲೆಯ ವರ್ಕ್ ಎಕ್ಸ್‌ಪೀರಿಯನ್ಸ್‌ಗೆ ಸಂಬಳವಿಲ್ಲ. ಅಲ್ಲಿ ಫಾರ್ಮಿನ ಹೆಸರು ‘ಸ್ಟೂಡೆಂಟ್ ಪ್ಲೇಸ್‌ಮೆಂಟ್ ರೆಕಾರ್ಡ್’. ತುರ್ತು ಸಂಪರ್ಕದ ಪುಟ್ಟ ಕಾರ್ಡೊಂದನ್ನು ಶಾಲೆ ಕೊಡುತ್ತದೆ, ಅದು ಮಗನ ಜೇಬಿನಲ್ಲೇ ಇರಬೇಕು. ಶೋಷಣೆ ಆಗುತ್ತಿದೆಯೇ ಎಂಬುದನ್ನು ಹಣದಿಂದ ಅಳೆಯಬೇಡಿ. ರಜೆ ಹಾಕಿದ ನೌಕರನ ಜಾಗಕ್ಕೆ ನಿಮ್ಮ ಮಗನನ್ನು ನಿಲ್ಲಿಸಿದ್ದಾರೆಯೇ? ಪಕ್ಕದಲ್ಲಿ ಯಾರೂ ಇಲ್ಲದೆ ಒಬ್ಬನೇ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದಾನೆಯೇ? ಹೌದಾದರೆ ಅವತ್ತೇ ಶಾಲೆಗೆ ಫೋನು ಮಾಡಿ.

ಪ್ರಶ್ನೆ: ನಮ್ಮದೇ ದಿನಸಿ ಅಂಗಡಿ ಇದೆ. ಮಗ ಅಲ್ಲೇ ಆ ವಾರ ಕಳೆದರೆ ಆಗದೇ?
– ಅಂಗಡಿ ಮಾಲೀಕರು, ಮೆಲ್ಬರ್ನ್

ಉತ್ತರ: ಶಾಲೆ ಒಪ್ಪಬಹುದು, ನಾವು ಒಪ್ಪುವುದಿಲ್ಲ. ಅಂಗಡಿ ಅವನಿಗೆ ಗೊತ್ತು, ಬಯ್ಯುವ ಯಜಮಾನರೂ ಗೊತ್ತು. ಪರಿಚಯವಿಲ್ಲದ ಹಿರಿಯರ ಮುಂದೆ ಎಂಟೂವರೆಗೆ ಹಾಜರಾಗಿ, ಗೊತ್ತಾಗದ್ದನ್ನು ಬಾಯಿಬಿಟ್ಟು ಕೇಳುವುದೇ ಈ ವಾರದ ಪಾಠ. ಬೇರೆ ಊರಿನ ಅಂಗಡಿಯವರೊಂದಿಗೆ ಮಕ್ಕಳನ್ನು ಅದಲುಬದಲು ಮಾಡಿಕೊಳ್ಳಿ, ಅವರ ಮಗ ನಿಮ್ಮಲ್ಲಿ, ನಿಮ್ಮ ಮಗ ಅವರಲ್ಲಿ. ಆಗಲೂ ಎರಡು ಪ್ರತ್ಯೇಕ ಫಾರ್ಮ್ ಬೇಕು.

ಪ್ರಶ್ನೆ: ಶಾಲೆಯಿಂದ ಪತ್ರ ಬಂದಿದೆ: ಜಪಾನಿನ ವಿದ್ಯಾರ್ಥಿನಿಯನ್ನು ಇರಿಸಿಕೊಳ್ಳುತ್ತೀರಾ ಎಂದು. ನಾವು ಸಸ್ಯಾಹಾರಿಗಳು. ದಾವಣಗೆರೆಯಿಂದ ಅತ್ತೆ ಮಾವ ಆರು ತಿಂಗಳಿಗೆ ಬರುವವರಿದ್ದಾರೆ. ಒಪ್ಪಿಕೊಳ್ಳಬಹುದೇ? ಹಣ ಕೊಡುತ್ತಾರಂತೆ, ನಿಜವೇ?
– ದಂಪತಿ, ಮೆಲ್ಬರ್ನ್

ಉತ್ತರ: ಪತ್ರವನ್ನು ಇನ್ನೊಮ್ಮೆ ಓದಿ. ‘ಎಕ್ಸ್‌ಚೇಂಜ್’ ಬೇರೆ, ‘ಹೋಮ್‌ಸ್ಟೇ’ ಬೇರೆ. ಒಂದೆರಡು ವಾರದ ಅಧ್ಯಯನ ಪ್ರವಾಸಕ್ಕೆ ಬರುವವರಿಗೂ ಶುಲ್ಕ ಕಟ್ಟಿ ಓದುವವರಿಗೂ ಮನೆ ಕೊಟ್ಟರೆ ಅದು ಹೋಮ್‌ಸ್ಟೇ. ಊಟ ವಸತಿಗೆ ಇಷ್ಟು ಎಂದು ನಿಮಗೆ ಹಣ ಬರುತ್ತದೆ. ಒಂದು ಟರ್ಮ್‌ನಿಂದ ಒಂದು ವರ್ಷದವರೆಗೆ ನಿಜವಾದ ವಿನಿಮಯದಲ್ಲಿ ಬರುವ ವಿದ್ಯಾರ್ಥಿಗೆ ಮನೆ ಕೊಡುವವರು ಸ್ವಯಂಸೇವಕರು, ಸಂಭಾವನೆ ಇಲ್ಲ. ಅಂಥ ವಿದ್ಯಾರ್ಥಿಯನ್ನು ಕಳಿಸುವ ಸಂಸ್ಥೆ ವಿಕ್ಟೋರಿಯಾದ ನೋಂದಣಿ ಪ್ರಾಧಿಕಾರವಾದ ವಿ.ಆರ್.ಕ್ಯೂ.ಎ.ಯಲ್ಲಿ ನೋಂದಾಯಿತವಾಗಿರಬೇಕು. ವಿದ್ಯಾರ್ಥಿ ಬರುವುದು 500ನೇ ಉಪವರ್ಗದ ವೀಸಾದಲ್ಲಿ, ‘ಎ.ಎ.ಎಸ್.ಇ.ಎಸ್.’ ಎಂಬ ಸ್ವೀಕೃತಿ ಪತ್ರದ ಆಧಾರದ ಮೇಲೆ. ಸಂಸ್ಥೆಯವರ ಬಾಯಲ್ಲಿ ಈ ಪತ್ರದ ಮಾತೇ ಬರದಿದ್ದರೆ ಅದು ವಿನಿಮಯವಲ್ಲ ಎಂದು ತಿಳಿಯಿರಿ.

ಮನೆಯಲ್ಲಿರುವ 18 ದಾಟಿದ ಎಲ್ಲರಿಗೂ ‘ವರ್ಕಿಂಗ್ ವಿತ್ ಚಿಲ್ಡ್ರನ್’ ಪರಿಶೀಲನೆ ಬೇಕು. ಸ್ವಯಂಸೇವಕರಿಗೆ ಇದು ಉಚಿತ, ಐದು ವರ್ಷ ನಡೆಯುತ್ತದೆ. ಯೂನಿವರ್ಸಿಟಿಗೆ ಹೋಗುವ ದೊಡ್ಡ ಮಗನನ್ನು ಜನ ಮರೆಯುತ್ತಾರೆ. ವರ್ಷದ ನಡುವೆ 18 ತುಂಬುವ ಮಗಳನ್ನಂತೂ ಇನ್ನೂ ಹೆಚ್ಚು. ಅತ್ತೆ ಮಾವನ ವಿಷಯವನ್ನು ಅರ್ಜಿಯಲ್ಲೇ ಬರೆಯಿರಿ. ಆರು ತಿಂಗಳು ಇರುವವರು ನೆಂಟರಲ್ಲ, ಮನೆಯವರು. ಅವರು ಬಂದಿಳಿದ ಮೇಲೆ ಹೇಳಿದರೆ ವಿದ್ಯಾರ್ಥಿಯನ್ನು ತಾತ್ಕಾಲಿಕವಾಗಿ ಬೇರೆ ಮನೆಗೆ ಕಳಿಸುವ ಪ್ರಸಂಗ ಬರಬಹುದು. ಇನ್ನೊಂದು, ಅವರಿಗಾಗಿ ಎತ್ತಿಟ್ಟ ಕೋಣೆಯನ್ನೇ ವಿದ್ಯಾರ್ಥಿನಿಗೆ ತೋರಿಸಿ ಫೋಟೊ ಕಳಿಸಬೇಡಿ. ಅವಳಿಗೆ ಸ್ವಂತ ಮಂಚ, ಓದುವ ಮೇಜು, ಬಾಗಿಲು ಹಾಕಿಕೊಳ್ಳಬಹುದಾದ ಜಾಗ ವರ್ಷವಿಡೀ ಬೇಕು.

ಸಸ್ಯಾಹಾರ ಅಡ್ಡಿಯಲ್ಲ, ಮುಚ್ಚಿಟ್ಟರೆ ಮಾತ್ರ ಅಡ್ಡಿ. ಮೊಟ್ಟೆ ಮನೆಯೊಳಗೆ ಬರುತ್ತದೆಯೇ, ಹೊರಗೆ ಮಾಂಸ ತಿಂದು ಬರಬಹುದೇ, ಉಳಿದದ್ದನ್ನು ಫ್ರಿಜ್‌ನಲ್ಲಿ ಇಡಬಹುದೇ, ಮೂರಕ್ಕೂ ಉತ್ತರ ಅರ್ಜಿಯಲ್ಲಿರಲಿ. ಸೋನಾ ಮಸೂರಿ ಅವಳಿಗೆ ಉದುರುದುರು ಅನಿಸೀತು. ಅಂಟುವ ಗಿಡ್ಡ ಅಕ್ಕಿ ಎರಡು ಕೆ.ಜಿ. ಮನೆಯಲ್ಲಿರಲಿ. ‘ಸಾಕಾ?’ ಎಂದು ಕೇಳಿದರೆ ಸಂಕೋಚಕ್ಕೆ ಸಾಕು ಎಂದುಬಿಟ್ಟಾಳು. ‘ಇನ್ನೊಂದು ದೋಸೆಯೋ, ಮೊಸರನ್ನವೋ?’ ಎಂದು ಕೇಳಿ.

ಪ್ರಶ್ನೆ: ರೋಟರಿ ಯೂತ್ ಎಕ್ಸ್‌ಚೇಂಜ್‌ನಲ್ಲಿ ಬರುವ ಹುಡುಗಿ ನಾಲ್ಕು ತಿಂಗಳು ನಮ್ಮ ಮನೆಯಲ್ಲಿರುತ್ತಾಳೆ. ಪೊಲೀಸರಿಗೆ ತಿಳಿಸಬೇಕಂತೆ. ಇನ್ನೇನು ಸಿದ್ಧತೆ ಬೇಕು?
– ಓದುಗರು, ಮೈಸೂರು

ಉತ್ತರ: ವಿದೇಶಿಯರು ಯಾರೇ ಮನೆಯಲ್ಲಿ ತಂಗಿದರೂ 24 ಗಂಟೆಯೊಳಗೆ ಎಫ್.ಆರ್.ಆರ್.ಒ. (ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ) ಜಾಲತಾಣದಲ್ಲಿ ಮಾಹಿತಿ ತುಂಬಬೇಕು. ಎಲ್ಲರೂ ‘ಫಾರ್ಮ್ ಸಿ’ ಎನ್ನುವುದು ಇದನ್ನೇ. ತುಂಬುವ ಹೊಣೆ ಮನೆಯವರದು, ರೋಟರಿ ಕ್ಲಬ್ಬಿನದಲ್ಲ. ಜನ ಸಿಕ್ಕಿಬೀಳುವುದು ಲಾಗಿನ್‌ನಲ್ಲಿ: ಮೊದಲು ವಿಳಾಸದ ದಾಖಲೆ ಕೊಟ್ಟು ಖಾತೆ ತೆರೆಯಬೇಕು, ಅದಕ್ಕೆ ಒಪ್ಪಿಗೆ ಸಿಗಲು ದಿನಗಳು ಬೇಕು. ಹುಡುಗಿ ವಿಮಾನ ಹತ್ತುವ ಎರಡು ವಾರ ಮುಂಚೆಯೇ ಖಾತೆ ಸಿದ್ಧವಿರಲಿ. ಬಂದ ದಿನ ಪಾಸ್‌ಪೋರ್ಟ್, ವೀಸಾ, ಆಗಮನದ ಮುದ್ರೆಯ ಪುಟ ಮೂರನ್ನೂ ಫೋಟೊ ತೆಗೆದಿಟ್ಟುಕೊಳ್ಳಿ. ರೋಟರಿಯಲ್ಲಿ ಒಬ್ಬ ವಿದ್ಯಾರ್ಥಿಗೆ ವರ್ಷದಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಮನೆಗಳು. ಮನೆ ಬದಲಾದಾಗ ಹೊಸ ಮನೆಯವರು ಮತ್ತೆ ತುಂಬಬೇಕು, ಮೊದಲ ಮನೆಯವರು ತುಂಬಿದ್ದು ಇವರಿಗೆ ಸಲ್ಲದು. ವೀಸಾದಲ್ಲಿ ನೋಂದಣಿ ಬೇಕೆಂದಿದ್ದರೆ ಬಂದ 14 ದಿನದೊಳಗೆ ಅದನ್ನೂ ಆನ್‌ಲೈನ್‌ನಲ್ಲೇ ಮಾಡಿಸಬೇಕು. ಇದನ್ನು ಕ್ಲಬ್ಬಿನ ಜೊತೆ ಕೂತು ಮಾಡಿ.

ಶಾಲೆಯ ಶುಲ್ಕವೂ ತಿಂಗಳ ಕೈಖರ್ಚೂ ಕ್ಲಬ್ಬಿನದು, ಊಟ ವಸತಿ ನಿಮ್ಮದು. ಮನೆಯ ದೊಡ್ಡವರೆಲ್ಲರ ಹಿನ್ನೆಲೆ ಪರಿಶೀಲನೆ ಆಗುತ್ತದೆ, ಹೇಳದೆಯೂ ಒಮ್ಮೆ ಮನೆಗೆ ಬಂದು ನೋಡುತ್ತಾರೆ. ಬೇಸರ ಬೇಡ, ನಿಮ್ಮ ಮಗಳನ್ನು ಕಳಿಸುವಾಗ ಆ ಕಡೆಯವರಿಗೂ ಇದೇ ನಿಯಮ. ಹುಡುಗಿಗೆ ನಿಮ್ಮ ಮನೆಯವರಲ್ಲದ ಒಬ್ಬ ಕೌನ್ಸೆಲರ್ ಇರುತ್ತಾರೆ. ಅವರ ಫೋನ್ ಸಂಖ್ಯೆ ಅವಳ ಬಳಿ ಇರಲಿ, ಏನು ಮಾತಾಡಿದಳೆಂದು ವಿಚಾರಿಸಲು ಹೋಗಬೇಡಿ. ವಾಹನ ಓಡಿಸುವುದು ಅವಳಿಗೆ ನಿಷಿದ್ಧ, ಗಲ್ಲಿಯೊಳಗೆ ಸ್ಕೂಟಿ ಕಲಿಸುತ್ತೇನೆಂಬ ಅಣ್ಣಂದಿರಿಗೂ ತಿಳಿಸಿ. ಹಿಂದೆ ಕೂತರೂ ಹೆಲ್ಮೆಟ್ ಬೇಕು. ಊರು ಬಿಟ್ಟು ಹೋಗುವ ಪ್ರತಿ ಪ್ರವಾಸಕ್ಕೂ ಲಿಖಿತ ಒಪ್ಪಿಗೆ ಪಡೆಯಿರಿ.

ಮೊದಲ ಎರಡು ವಾರ ಕುದಿಸಿದ ಅಥವಾ ಫಿಲ್ಟರ್ ನೀರು ಮಾತ್ರ, ಹಲ್ಲುಜ್ಜಲೂ ಅದೇ. ಬೀದಿಬದಿಯ ಪಾನಿಪೂರಿ ಒಂದು ತಿಂಗಳಾದ ಮೇಲೆ. ಒ.ಆರ್.ಎಸ್. ಪೊಟ್ಟಣ ನಾಲ್ಕು ಇರಲಿ. ಸಾರಿನ ಖಾರವನ್ನು ಮನೆಮಂದಿಗೆಲ್ಲ ಕಡಿಮೆ ಮಾಡುವುದು ಬೇಡ. ಒಗ್ಗರಣೆಗೆ ಮುಂಚೆ ಅವಳ ಪಾಲು ಬೇಳೆ ತೆಗೆದಿಡಿ. ಬಚ್ಚಲಿನಲ್ಲಿ ಟಾಯ್ಲೆಟ್ ಪೇಪರ್ ಮತ್ತು ಮುಚ್ಚಳವಿರುವ ಕಸದ ಬುಟ್ಟಿ ಇಡಿ. ಗೀಸರ್ ಎಷ್ಟು ನಿಮಿಷ ಹಾಕಬೇಕು, ಕರೆಂಟು ಹೋದರೆ ಏನು ಮಾಡಬೇಕು ಎಂದು ಮೊದಲ ದಿನವೇ ಮಾಡಿ ತೋರಿಸಿ.

ಹೇಳಲು ಸಂಕೋಚವೆನಿಸುವ ಒಂದು ಮಾತು. ಮುಟ್ಟಿನ ದಿನಗಳಲ್ಲಿ ದೇವರ ಕೋಣೆ, ಅಡುಗೆಮನೆ ದೂರವಿಡುವ ಮನೆಗಳು ಇನ್ನೂ ಇವೆ. ನಿಮ್ಮದೂ ಹಾಗೆಯೇ ಆದರೆ ಆ ನಿಯಮವನ್ನು ಅವಳಿಗೆ ಅನ್ವಯಿಸಬೇಡಿ. ಆಗುವುದೇ ಇಲ್ಲ ಎನ್ನುವುದಾದರೆ ಕ್ಲಬ್ಬಿಗೆ ಈಗಲೇ ತಿಳಿಸಿ, ಬೇರೆ ಮನೆ ನೋಡುತ್ತಾರೆ. ನಡುವೆ ಗೊತ್ತಾದರೆ ಹುಡುಗಿ ನೊಂದುಕೊಳ್ಳುತ್ತಾಳೆ, ಅವಳ ತಾಯಿ ಮಧ್ಯರಾತ್ರಿ ಫೋನು ಮಾಡುತ್ತಾರೆ.

ಪ್ರಶ್ನೆ: ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕ. ಆಸ್ಟ್ರೇಲಿಯಾದಂಥ ವ್ಯವಸ್ಥೆ ನಮ್ಮಲ್ಲಿಲ್ಲ. ಒಂಬತ್ತನೇ ತರಗತಿಯವರಿಗೆ ಊರಲ್ಲೇ ಏನಾದರೂ ಮಾಡಬಹುದೇ?
– ಶಿಕ್ಷಕರು, ಧಾರವಾಡ ಜಿಲ್ಲೆ

ಉತ್ತರ: ಮಾಡಬಹುದು, ಆದರೆ ‘ಕೆಲಸ’ ಮಾಡಿಸಬೇಡಿ, ‘ನೋಡಿ ಕಲಿಯುವುದು’ ಮಾಡಿಸಿ. 1986ರ ಬಾಲಕಾರ್ಮಿಕ ಕಾಯ್ದೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14ರೊಳಗಿನವರನ್ನು ದುಡಿಸುವಂತಿಲ್ಲ, 14ರಿಂದ 18ರವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ. ನಿಮ್ಮ ತರಗತಿಯಲ್ಲಿ ಎರಡೂ ವಯಸ್ಸಿನವರಿರುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹತ್ತು ಬ್ಯಾಗ್‌ರಹಿತ ದಿನಗಳಲ್ಲಿ ಬಡಗಿ, ತೋಟಗಾರ, ಕುಂಬಾರರ ಬಳಿ ಕಲಿಯುವ ಮಾತಾಡಿದ್ದು 6ರಿಂದ 8ನೇ ತರಗತಿಗೆ, ಆದರೆ ಮಾದರಿಯಾಗಿ ನಿಮಗೂ ಒದಗುತ್ತದೆ.

ನಮ್ಮ ಮೊದಲ ಆಯ್ಕೆ ಹಾಲು ಉತ್ಪಾದಕರ ಸಂಘ. ಬೆಳಗಿನ ಒಂದೂವರೆ ಗಂಟೆಯಲ್ಲಿ ಅಳತೆ, ಲ್ಯಾಕ್ಟೋಮೀಟರ್, ಜಿಡ್ಡಿನ ಪರೀಕ್ಷೆ, ಪುಸ್ತಕಕ್ಕೆ ಏರಿಸುವುದು, ದರದ ಲೆಕ್ಕ ಎಲ್ಲವೂ ಕಣ್ಣೆದುರೇ ನಡೆಯುತ್ತವೆ. ವಿಜ್ಞಾನ ಗಣಿತ ಎರಡೂ ಅಲ್ಲೇ ಸಿಗುತ್ತವೆ. ಅಂಚೆ ಕಚೇರಿ, ಗ್ರಾಮ ಪಂಚಾಯಿತಿ, ದರ್ಜಿ ಅಂಗಡಿ ಅನಂತರ. ವೆಲ್ಡಿಂಗ್ ಶೆಡ್, ಪಟಾಕಿ ಗೋದಾಮು, ಕ್ವಾರಿ ಬೇಡವೇ ಬೇಡ. ಒಂದು ಜಾಗಕ್ಕೆ ನಾಲ್ವರು ಸಾಕು, ಐದನೆಯವನು ಬಾಗಿಲಲ್ಲಿ ನಿಂತು ಹರಟುತ್ತಾನೆ. ಪೋಷಕರ ಸಹಿಯ ಪತ್ರ, ಸಂಘದ ಕಾರ್ಯದರ್ಶಿಯ ಒಪ್ಪಿಗೆ ಪತ್ರ, ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಸಮಿತಿ) ನಡಾವಳಿಯಲ್ಲಿ ಒಂದು ಸಾಲು, ಈ ಮೂರೂ ಮುಖ್ಯ ಶಿಕ್ಷಕರ ಕಡತ ಸೇರಿದ ಮೇಲೆ ದಿನಾಂಕ ಗೊತ್ತುಮಾಡಿ. ಮೊದಲ ದಿನ ನೀವೂ ಹೋಗಿ ನಿಲ್ಲಿ. ಹಬ್ಬದ ವಾರ ಬೇಡ, ಡೈರಿಯಲ್ಲಿ ಯಾರಿಗೂ ಮಾತಾಡಲು ಪುರುಸೊತ್ತಿರುವುದಿಲ್ಲ.