ಕಾಫಿ ಗಿಡದ ಊರುಗೋಲು ಒಣಗುವಾಗ ಸೀಳ್ತಿದ್ರೆ

ನೀವು ಕೇಳಿದ್ದು ಕಿತ್ತ ರೋಬಸ್ಟಾ ಕಾಫಿ ಗಿಡದ ಕಾಂಡದಲ್ಲಿ ತಾತಂಗೆ ಊರುಗೋಲು ಮಾಡೋಕೆ ಹೊರಟ್ರೆ ತುದಿ ಸೀಳ್ತಾ ಇದೆ, ಬಾಗಿದ್ದೂ ನೆಟ್ಟಗಾಗ್ತಿಲ್ಲ ಅಂತ ಅಲ್ವಾ. ಸೀಳೋದಕ್ಕೆ ಕಾರಣ ಮರದ ನೀರು ತುದಿಯಿಂದ ಬೇಗ ಹೋಗೋದು, ಮಧ್ಯದ್ದು ಹಸಿಯಾಗೇ ಇರುತ್ತೆ. ಕಡಿದ ದಿನವೇ ಎರಡೂ ತುದಿಗೆ ಕರಗಿಸಿದ ಮೇಣ ಇಲ್ಲಾ ಪೇಂಟ್ ದಪ್ಪಗೆ ಬಳಿದುಬಿಡಿ, ಮತ್ತೆ ಬೇಕಾದ್ದಕ್ಕಿಂತ ಒಂದು ಗೇಣು ಉದ್ದ ಜಾಸ್ತಿ ಇಟ್ಕೊಳ್ಳಿ, ಸೀಳಿದ್ರೂ ಕೊನೆಗೆ ಕತ್ತರಿಸ್ಬಹುದು. ಕಣದ ಬಿಸಿಲಿಗೆ ಮಾತ್ರ ದಯವಿಟ್ಟು ಇಡ್ಬೇಡಿ, ಗಾಳಿಯಾಡೋ ನೆರಳಲ್ಲಿ ತಿಂಗಳುಗಟ್ಟಲೆ ಬಿಡ್ಬೇಕು, ಅದೂ ನಮ್ಮ ಮಳೆಗಾಲದಲ್ಲಿ ಬೂಷ್ಟು ಬರುತ್ತೆ ಅಂತ ನಾನಂತೂ ಕೊಯ್ಲು ಮುಗಿದ ಮೇಲೆ ಬೇಸಿಗೆಯಲ್ಲೇ ಕಡಿಯೋದು.

ಬಾಗಿದ್ದನ್ನ ಪೂರ್ತಿ ಒಣಗೋ ಮೊದ್ಲೇ ಸರಿಮಾಡ್ಬೇಕು. ಆ ಜಾಗಕ್ಕೆ ಚೆನ್ನಾಗಿ ಹಬೆ ಕೊಟ್ಟು, ದಪ್ಪ ಬಟ್ಟೆ ಸುತ್ತಿ, ಮಂಡಿಗೆ ಒತ್ತಿ ನಿಧಾನಕ್ಕೆ ಬಗ್ಗಿಸಿ, ತಣ್ಣಗಾಗೋ ತನಕ ಹಲಗೆಗೆ ಕಟ್ಟಿಡಿ. ಗಂಟಿನ ಹತ್ರ ಬಲ ಹಾಕ್ಬೇಡಿ, ಪಟ್ ಅಂತ ಮುರಿಯುತ್ತೆ. ಗಂಟುಗಳನ್ನ ಪೂರ್ತಿ ಕೆತ್ತಿ ನುಣ್ಣಗೆ ಮಾಡ್ಲೂಬೇಡಿ, ಕಾಫಿ ಮರದ ಚೆಂದ ಇರೋದೇ ಅದರಲ್ಲಿ!

ಮುಂದೆ ಅರೇಬಿಕಾ ಅನ್ನೋ ಇನ್ನೊಂದು ಜಾತಿ ಕಾಫಿ ಗಿಡ ತಗೊಂಡ್ರೆ ಬಿಳಿ ಕಾಂಡಕೊರಕ, ಅಂದ್ರೆ ಕಾಂಡ ಕೊರೆದು ತಿನ್ನೋ ಹುಳ, ಹೊಕ್ಕಿದೆಯಾ ನೋಡಿ, ತುದಿ ಕತ್ತರಿಸಿದಾಗ ಒಳಗೆ ಪುಡಿ ತುಂಬಿದ ಸುರಂಗ ಕಂಡ್ರೆ ಅದು ಸೌದೆಗೇ ಸರಿ, ವಯಸ್ಸಾದವ್ರು ಭಾರ ಬಿಡೋ ಕೋಲಿಗೆ ಆಗಲ್ಲ. ಎತ್ತರಕ್ಕೆ ತಾತನ್ನ ಚಪ್ಪಲಿ ಹಾಕಿಸಿ ನೆಟ್ಟಗೆ ನಿಲ್ಲಿಸಿ, ಕೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿಗೆ ಬರುತ್ತೋ ಕೋಲಿನ ಹಿಡಿ ಅಲ್ಲಿಗೆ ಬರ್ಬೇಕು. ಕೆಳಗೆ ಮೆಡಿಕಲ್ ಶಾಪಲ್ಲಿ ಸಿಗೋ ರಬ್ಬರ್ ಬುಷ್ ಹಾಕಿ, ಪಾಚಿ ಕಟ್ಟಿದ ಅಂಗಳದಲ್ಲಿ ಬರೀ ಮರ ಜಾರುತ್ತೆ.