ಸಣ್ಣ ಕಾರ್ಖಾನೆಗೆ ಇಂಟರ್ನ್‌ಗಳಿಂದ ನಿಜವಾದ ಉಪಯೋಗವಿದೆಯೇ?

ಹನ್ನೆರಡು ಜನ ಕೆಲಸಗಾರರಿರುವ ನಿಮ್ಮ ಹುಬ್ಬಳ್ಳಿಯ ಮಷೀನ್ ಶಾಪ್‌ಗೆ ಡಿಪ್ಲೊಮಾ ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಿ ಎಂದು ಪಾಲಿಟೆಕ್ನಿಕ್‌ನವರು ಕೇಳಿದ್ದಾರೆ, ಇದರಿಂದ ನಮಗೇನು ಲಾಭ ಎಂದು ಪ್ರಶ್ನಿಸಿದ್ದೀರಿ. ಪೀಣ್ಯದ ಘಟಕವೊಂದರಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಮಷೀನ್‌ಗಳ) ವಿಭಾಗವನ್ನು ನೋಡಿಕೊಳ್ಳುವವನಾಗಿ ನನ್ನ ಉತ್ತರ: ಲಾಭ ಖಂಡಿತ ಇದೆ, ಆದರೆ ಕಡಿಮೆ ದುಡ್ಡಿಗೆ ಎರಡು ಕೈ ಸಿಕ್ಕವು ಎಂಬ ಲೆಕ್ಕದಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಮೊದಲ ಕೆಲವು ವಾರ ನಿಮ್ಮ ಸೂಪರ್‌ವೈಸರ್‌ನ ಸಮಯ ಖರ್ಚಾಗುತ್ತದೆ. ಅದನ್ನು ಒಪ್ಪಿಕೊಂಡೇ ಆರಂಭಿಸಬೇಕು.

ದೊಡ್ಡ ಲಾಭವಿರುವುದು ನೇಮಕಾತಿಯಲ್ಲಿ. ಅರ್ಧ ಗಂಟೆಯ ಸಂದರ್ಶನದಲ್ಲಿ ಅಂಕಪಟ್ಟಿ ಕಾಣುತ್ತದೆ, ಸ್ವಭಾವ ಕಾಣುವುದಿಲ್ಲ. ಅಳತೆ ಸ್ವಲ್ಪ ಮೀರಿದ ಪೀಸ್ ಕೈಗೆ ಬಂದಾಗ ಹುಡುಗ ಅದನ್ನು ಪಕ್ಕಕ್ಕಿಟ್ಟು ಹೇಳುತ್ತಾನೋ, ಒಳ್ಳೆಯ ಪೀಸ್‌ಗಳ ಟ್ರೇಗೆ ಸೇರಿಸಿಬಿಡುತ್ತಾನೋ, ಮೈಕ್ರೋಮೀಟರ್ ಹಿಡಿಯುವ ಮೊದಲು ಅದರ ಸೊನ್ನೆ ಸರಿಯಿದೆಯೇ ಎಂದು ನೋಡುತ್ತಾನೋ ಇಲ್ಲವೋ ಎಂಬುದು ಜೊತೆಯಲ್ಲಿ ಕೆಲಸ ಮಾಡಿದಾಗ ಮಾತ್ರ ತಿಳಿಯುತ್ತದೆ. 1972ರಲ್ಲಿ ಡೆನ್ಮಾರ್ಕ್‌ನ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ (ಜಿಟಿಟಿಸಿ) ಟೂಲ್ ಅಂಡ್ ಡೈ ಮೇಕಿಂಗ್ (ಉಪಕರಣ ಮತ್ತು ಅಚ್ಚು ತಯಾರಿಕೆ) ಡಿಪ್ಲೊಮಾದಲ್ಲಿ ಮೂರು ವರ್ಷದ ಓದಿನ ಮೇಲೆ ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿಯಿರುತ್ತದೆ. ಅಲ್ಲಿಂದ ಬಂದವರನ್ನು ನಮ್ಮಂಥವರು ಧೈರ್ಯವಾಗಿ ತೆಗೆದುಕೊಳ್ಳಲು ಆ ಒಂದು ವರ್ಷವೇ ಮುಖ್ಯ ಕಾರಣವೆಂದು ನಾನು ನಂಬುತ್ತೇನೆ.

ಇನ್ನೊಂದು ಲಾಭವನ್ನು ಮಾಲೀಕರು ಅಷ್ಟಾಗಿ ಗಮನಿಸುವುದಿಲ್ಲ. ನಮ್ಮಲ್ಲಿ ಒಂದು ಕಷ್ಟದ ಜಾಬ್‌ನ ಸೆಟ್ಟಿಂಗ್, ಅಂದರೆ ಆ ಬಿಡಿಭಾಗಕ್ಕೆ ಮಷೀನ್ ಹೊಂದಿಸುವ ಕ್ರಮ, ಹಿರಿಯ ಆಪರೇಟರ್ ಒಬ್ಬರಿಗೆ ಮಾತ್ರ ಗೊತ್ತಿತ್ತು. ಅವರು ರಜೆ ಹಾಕಿದ ದಿನ ಮಷೀನ್ ನಿಲ್ಲುತ್ತಿತ್ತು. ಇಂಟರ್ನ್ ಆಗಿ ಬಂದಿದ್ದ ವಿದ್ಯಾರ್ಥಿನಿಯನ್ನು ಅವರ ಪಕ್ಕದಲ್ಲಿ ನಿಲ್ಲಿಸಿ, ಪೀಸ್ ಹಿಡಿಯಲು ಯಾವ ಜಾ (ಹಿಡಿಕೆ) ಹಾಕುತ್ತಾರೆ, ಯಾವ ಟೂಲ್‌ಗೆ ಎಷ್ಟು ಆಫ್‌ಸೆಟ್ (ಅಳತೆಯ ಹೊಂದಾಣಿಕೆ) ಕೊಡುತ್ತಾರೆ, ಮೊದಲ ಪೀಸ್‌ನಲ್ಲಿ ಯಾವ ಅಳತೆ ನೋಡುತ್ತಾರೆ ಎಂದು ಕನ್ನಡದಲ್ಲಿ ಬರೆದುಕೊಳ್ಳಲು ಹೇಳಿದೆವು. ಹೀಗೇಕೆ ಎಂದು ಆಕೆ ಪ್ರತಿ ಹಂತದಲ್ಲೂ ಕೇಳಿದ್ದರಿಂದ, ಅವರ ಅನುಭವದಲ್ಲಷ್ಟೇ ಇದ್ದುದು ಕಾಗದಕ್ಕೆ ಇಳಿಯಿತು. ಆ ಹಾಳೆ ಈಗಲೂ ಮಷೀನ್ ಪಕ್ಕದಲ್ಲಿದೆ, ಎರಡನೇ ಶಿಫ್ಟ್‌ನವರು ಅದನ್ನು ನೋಡಿಕೊಂಡೇ ಸೆಟ್ಟಿಂಗ್ ಮಾಡುತ್ತಾರೆ. ದಿನವೂ ಅದೇ ಕೆಲಸ ಮಾಡುವ ನಮಗೆ ಇಂಥ ಪ್ರಶ್ನೆಗಳು ಹೊಳೆಯುವುದೇ ಇಲ್ಲ.

ಕಾನೂನಿನ ವಿಚಾರವನ್ನೂ ತಿಳಿದಿರಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು ಅವರ ಸಂಖ್ಯೆಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ; ನಿಮ್ಮಷ್ಟು ಚಿಕ್ಕ ಘಟಕಕ್ಕೆ ಅದು ಐಚ್ಛಿಕ. ಕಾಲೇಜಿನ ಇಂಟರ್ನ್‌ಶಿಪ್ ಬೇರೆ, ಅಪ್ರೆಂಟಿಸ್‌ಶಿಪ್ ಬೇರೆ. ವಿದ್ಯಾರ್ಥಿ ಕೋರ್ಸ್ ಮುಗಿಸಿದ ಮೇಲೆ ಕೇಂದ್ರದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ (ಎನ್‌ಎಟಿಎಸ್) ಅಪ್ರೆಂಟಿಸ್ ಆಗಿ ಇಟ್ಟುಕೊಂಡರೆ, ನಿಗದಿತ ಕನಿಷ್ಠ ಸ್ಟೈಪೆಂಡ್‌ನ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ರಜೆ ಹಾಕಿದವರ ಜಾಗದಲ್ಲಿ ವಿದ್ಯಾರ್ಥಿಗಳನ್ನು ಒಂಟಿಯಾಗಿ ಮಷೀನ್ ಮುಂದೆ ನಿಲ್ಲಿಸಬೇಡಿ. ಕೈಗೆ ಪೆಟ್ಟಾದರೆ ಆ ಮಗುವಿನ ಮನೆಯವರಿಗೆ ನೀವು ಕೊಡಬಹುದಾದ ಉತ್ತರ ಯಾವುದೂ ಇರುವುದಿಲ್ಲ. ವಿಮೆ ಯಾರು ಮಾಡಿಸುತ್ತಾರೆ ಎಂಬುದನ್ನು ಕಾಲೇಜಿನಿಂದ ಬರವಣಿಗೆಯಲ್ಲಿ ಪಡೆಯಿರಿ, ಸರ್ಕಾರದ ನೆರವು ಇರಲಿ ಬಿಡಲಿ ಬಸ್ಸು ಮತ್ತು ಊಟದ ಖರ್ಚಿಗಾದರೂ ಸಾಕಾಗುವಷ್ಟು ಹಣ ಕೊಡಿ, ಮತ್ತು ಅವರು ಬರುವ ಮೊದಲೇ ಯಾರ ಕೈಕೆಳಗೆ ಕಲಿಯಬೇಕೆಂದು ನಿರ್ಧರಿಸಿ ಆ ವ್ಯಕ್ತಿಯ ದಿನದ ಗುರಿಯನ್ನು ಸ್ವಲ್ಪ ಇಳಿಸಿ.